ಪ್ರೋಟೀನ್ ಎ ಕಾಲಮ್‌ನಲ್ಲಿ ಆಂಟಿಬಾಡಿ ಶುದ್ಧೀಕರಣ: ಲಿಗ್ಯಾಂಡ್ ಆಯ್ಕೆಯಿಂದ ಕಾಸ್ಟಿಕ್ ತೊಳೆತದವರೆಗೆ

ಆಂಟಿಬಾಡಿ ತಯಾರಿಸುವ ಸಿಎಚ್‌ಒ ಕೋಶಗಳು (ಹ್ಯಾಮ್‌ಸ್ಟರ್ ಅಂಡಾಶಯದಿಂದ ಬಂದವು) ಬೆಳೆದ ದ್ರಾವಣದಲ್ಲಿ ನಿಮ್ಮ ಆಂಟಿಬಾಡಿ ಒಂದೇ ಇರುವುದಿಲ್ಲ. ಕೋಶದ ಪ್ರೋಟೀನ್‌ಗಳು, ಡಿಎನ್‌ಎ ತುಣುಕು, ಕೊಬ್ಬು, ಮೀಡಿಯಾದ ಉಪ್ಪು, ಸಕ್ಕರೆ ಎಲ್ಲ ಕಲಸಿಕೊಂಡಿರುತ್ತವೆ. ಇದನ್ನು ಪ್ರೋಟೀನ್ ಎ ಕಾಲಮ್ (ಆಂಟಿಬಾಡಿ ಹಿಡಿಯುವ ಸಣ್ಣ ಬೀಡ್‌ಗಳು ತುಂಬಿದ ಕೊಳವೆ) ಮೂಲಕ ಒಂದು ಸಲ ಹಾಯಿಸಿದರೆ ಸಾಮಾನ್ಯವಾಗಿ ಶೇ 95ಕ್ಕಿಂತ ಶುದ್ಧವಾದ ಐಜಿಜಿ, ಅಂದರೆ ಆ ಬಗೆಯ ಆಂಟಿಬಾಡಿ, ಸಿಗುತ್ತದೆ. ಒಂದೇ ಹೆಜ್ಜೆಯಲ್ಲಿ ಇಷ್ಟು ಕೆಲಸ ಮಾಡುವ ವಿಧಾನ ಪ್ರೋಟೀನ್ ಲ್ಯಾಬ್‌ನಲ್ಲಿ ಬೇರೆ ಇಲ್ಲ ಅಂತಲೇ ಹೇಳಬಹುದು.

ಇಲ್ಲಿ ಉದಾಹರಣೆಗೆ ಟ್ರಾಸ್ಟುಜುಮಾಬ್ ಇಟ್ಟುಕೊಳ್ಳೋಣ. ಸ್ತನ ಕ್ಯಾನ್ಸರ್‌ಗೆ ಕೊಡುವ, ಕಪ್ಪಾ ಎಂಬ ಬಗೆಯ ಹಗುರ ಸರಪಳಿಯಿರುವ ಐಜಿಜಿ1 ಆಂಟಿಬಾಡಿ ಇದು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ (ಮೂಲ ಜೈವಿಕ ಔಷಧಿಯನ್ನು ಹೋಲುವ ಔಷಧಿ) ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ತಂದದ್ದು. ಕಾರ್ಖಾನೆಯಲ್ಲಿ ಕಾಲಮ್ ಡ್ರಮ್ಮಿನಷ್ಟು ದಪ್ಪ, ನಮ್ಮದು 5 ಮಿಲಿ. ಹೆಜ್ಜೆಗಳು ಹೆಚ್ಚುಕಡಿಮೆ ಅವೇ.

ಮೊದಲು ಲಿಗ್ಯಾಂಡ್ ಅರ್ಥವಾಗಲಿ

ಪ್ರೋಟೋಕಾಲ್ ಹಾಳೆ ಹಿಡಿದು ನೇರವಾಗಿ ಪಂಪ್ ಆನ್ ಮಾಡುವವರೇ ಜಾಸ್ತಿ. ಆದರೆ ಲಿಗ್ಯಾಂಡ್‌ನಲ್ಲಿ, ಅಂದರೆ ಬೀಡ್ ಮೇಲೆ ಕೂತು ಆಂಟಿಬಾಡಿ ಹಿಡಿಯುವ ಪ್ರೋಟೀನ್‌ನಲ್ಲಿ, ಯಾವ ಅಮೈನೋ ಆಮ್ಲ ಬದಲಾಗಿದೆ, ಯಾಕೆ ಬದಲಾಯಿತು ಅಂತ ಗೊತ್ತಿದ್ದರೆ ಹಾಳೆಯ ಅರ್ಧ ಭಾಗವನ್ನು ನೀವೇ ಬರೆಯಬಹುದು.

ಪ್ರೋಟೀನ್ ಎ ಮೂಲತಃ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿರುವ ಪ್ರೋಟೀನ್. ಅದರಲ್ಲಿ ಇ, ಡಿ, ಎ, ಬಿ, ಸಿ ಅಂತ ಐದು ಡೊಮೇನ್‌ಗಳಿವೆ, ಅಂದರೆ ಬಿಡಿ ಭಾಗಗಳು. ಬಿ ಡೊಮೇನ್‌ನಲ್ಲಿ 58 ಅಮೈನೋ ಆಮ್ಲಗಳು, ಮೂರು ಸುರುಳಿಗಳು. ಅದು ಐಜಿಜಿಯ ಬಾಲವಾದ ಎಫ್‌ಸಿ ಭಾಗದಲ್ಲಿ ಸಿಎಚ್2 ಮತ್ತು ಸಿಎಚ್3 ಎಂಬ ತುಂಡುಗಳು ಸೇರುವ ಜಾಗಕ್ಕೆ ಅಂಟಿಕೊಳ್ಳುತ್ತದೆ. ಆ ಜಾಗದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳಿವೆ. ಪಿಹೆಚ್ ಇಳಿದಾಗ ಅವು ಧನ ವಿದ್ಯುದಂಶ ಪಡೆದು ಒಂದನ್ನೊಂದು ತಳ್ಳುತ್ತವೆ, ಹಿಡಿತ ಸಡಿಲವಾಗುತ್ತದೆ. ಆಮ್ಲದಿಂದ ಆಂಟಿಬಾಡಿ ಬಿಡಿಸಿಕೊಳ್ಳುವ ಗುಟ್ಟು ಇಷ್ಟೇ. ಮನುಷ್ಯರ ಐಜಿಜಿ3 ಪ್ರೋಟೀನ್ ಎಗೆ ಅಂಟದಿರುವ ಕಾರಣವೂ ಇಲ್ಲೇ ಇದೆ: 435ನೇ ಸ್ಥಾನದಲ್ಲಿ ಹಿಸ್ಟಿಡಿನ್ ಬದಲು ಅದರಲ್ಲಿ ಸಾಮಾನ್ಯವಾಗಿ ಆರ್ಜಿನಿನ್ ಕೂತಿರುತ್ತದೆ.

1987ರಲ್ಲಿ ಸ್ವೀಡನ್‌ನ ಸಂಶೋಧಕರು ಬಿ ಡೊಮೇನ್ ತಿದ್ದಿ ಝಡ್ ಡೊಮೇನ್ ಮಾಡಿದರು. 29ನೇ ಸ್ಥಾನದ ಗ್ಲೈಸಿನ್ ತೆಗೆದು ಅಲನಿನ್ ಇಟ್ಟರು. ಆಸ್ಪರಾಜಿನ್ ಪಕ್ಕ ಗ್ಲೈಸಿನ್ ಇದ್ದರೆ ಹೈಡ್ರಾಕ್ಸಿಲಮೈನ್ ಎಂಬ ರಾಸಾಯನಿಕ ಅಲ್ಲೇ ಸರಪಳಿ ಕತ್ತರಿಸುತ್ತದೆ. ಅದನ್ನು ತಪ್ಪಿಸುವುದು ಅವರ ಉದ್ದೇಶವಾಗಿತ್ತು. ಆದರೆ ಈ ಬದಲಾವಣೆಯಿಂದ ಇನ್ನೊಂದು ಗುಣವೂ ಬಂತು. ಮೂಲ ಪ್ರೋಟೀನ್ ಎ ಎಫ್‌ಸಿಗೆ ಮಾತ್ರವಲ್ಲ, ವಿಎಚ್3 ಎಂಬ ಕುಟುಂಬದ ಆಂಟಿಬಾಡಿಗಳ ಫ್ಯಾಬ್ (ಗುರಿಯನ್ನು ಹಿಡಿಯುವ) ತೋಳಿಗೂ ಅಂಟುತ್ತದೆ. ಝಡ್‌ನಲ್ಲಿ ಈ ಎರಡನೇ ಹಿಡಿತ ಹೆಚ್ಚುಕಡಿಮೆ ಇಲ್ಲ.

ಟ್ರಾಸ್ಟುಜುಮಾಬ್ ವಿಎಚ್3 ಕುಟುಂಬದ್ದೇ. ಮೂಲ ಪ್ರೋಟೀನ್ ಎ ಅದನ್ನು ಎರಡು ಕಡೆ ಹಿಡಿಯುವುದರಿಂದ ಬಿಡಿಸಲು ಹೆಚ್ಚು ಆಮ್ಲ ಬೇಕು. ಝಡ್ ಲಿಗ್ಯಾಂಡ್ ಆದರೆ ಪಿಹೆಚ್ 3.5ರ ಆಸುಪಾಸಿನಲ್ಲೇ ಬಿಡುತ್ತದೆ. ಆಂಟಿಬಾಡಿಗೆ ಹಾನಿ ಕಡಿಮೆ, ಮುದ್ದೆ ಕಟ್ಟುವುದೂ ಕಡಿಮೆ. ಅದೇ ಕಾರಣಕ್ಕೆ ಬರೀ ಫ್ಯಾಬ್ ತುಣುಕನ್ನೋ ಇನ್ನೂ ಚಿಕ್ಕ ತುಣುಕಾದ ಎಸ್‌ಸಿಎಫ್‌ವಿಯನ್ನೋ ಈ ರೆಸಿನ್‌ಗೆ (ಲಿಗ್ಯಾಂಡ್ ಕಟ್ಟಿದ ಬೀಡ್‌ಗಳಿಗೆ) ಹಾಕಿದರೆ ಅದು ನಿಲ್ಲದೆ ಹೊರಟುಹೋಗುತ್ತದೆ.

ಎರಡನೇ ದೊಡ್ಡ ತಿದ್ದುಪಡಿ ಕ್ಷಾರ ತಡೆದುಕೊಳ್ಳಲು. ಕಾಸ್ಟಿಕ್ ಸೋಡಾದಲ್ಲಿ ಆಸ್ಪರಾಜಿನ್‌ಗಳು ಕೆಡುತ್ತವೆ. ಹಾಗಾಗಿ ಸೂಕ್ಷ್ಮ ಆಸ್ಪರಾಜಿನ್‌ಗಳನ್ನು, ಮುಖ್ಯವಾಗಿ 23ನೆಯದನ್ನು, ಬದಲಾಯಿಸಿದರು. ಹೀಗೆ ತಿದ್ದಿದ ನಾಲ್ಕು ಡೊಮೇನ್‌ಗಳನ್ನು ಸಾಲಾಗಿ ಜೋಡಿಸಿ, ತುದಿಯ ಒಂದು ಸಿಸ್ಟೀನ್ ಮೂಲಕ ಅಗರೋಸ್ ಬೀಡ್‌ಗೆ ಕಟ್ಟಿದ್ದು ಮ್ಯಾಬ್‌ಸೆಲೆಕ್ಟ್ ಶೂರ್ ಎಂಬ ರೆಸಿನ್. ಆಮೇಲೆ ಬಂದ ಮ್ಯಾಬ್‌ಸೆಲೆಕ್ಟ್ ಪ್ರಿಸ್ಮ್ಎ ಇನ್ನೂ ಗಟ್ಟಿ ಕ್ಷಾರ ತಡೆಯುತ್ತದೆ, ಹಿಡಿಯುವ ಸಾಮರ್ಥ್ಯವೂ ಜಾಸ್ತಿ. ನನ್ನ ಕೇಳಿದರೆ ಈ ಇಂಜಿನಿಯರಿಂಗ್‌ನ ನಿಜವಾದ ಲಾಭ ಸಾಮರ್ಥ್ಯವಲ್ಲ. ಕಾಸ್ಟಿಕ್‌ನಿಂದ ತೊಳೆದು ಮತ್ತೆ ಮತ್ತೆ ಬಳಸಬಹುದು ಅನ್ನುವುದು.

ನಿಮ್ಮ ಆಂಟಿಬಾಡಿಗೆ ಇದು ಸರಿಯೇ?

ಮನುಷ್ಯರ ಐಜಿಜಿ1, 2, 4 ಚೆನ್ನಾಗಿ ಅಂಟುತ್ತವೆ. ಮೊಲದ ಐಜಿಜಿಯೂ ಹಾಗೆಯೇ. ಇಲಿಯ ಐಜಿಜಿ2ಎ, 2ಬಿ ಪರವಾಗಿಲ್ಲ. ಇಲಿಯ ಐಜಿಜಿ1 ಮಾತ್ರ ತಕರಾರು. ಅದಕ್ಕೆ 1.5 ಮೋಲಾರ್ ಗ್ಲೈಸಿನ್, 3 ಮೋಲಾರ್ ಉಪ್ಪು, ಪಿಹೆಚ್ 8.9ರ ಬಫರ್ ಕೊಟ್ಟರೆ ಹಿಡಿತ ಸುಧಾರಿಸುತ್ತದೆ. ಆಡು, ಕುರಿಯ ಐಜಿಜಿಗೆ ಪ್ರೋಟೀನ್ ಜಿ ವಾಸಿ. ಕೋಳಿಯ ಐಜಿವೈ ಎ, ಜಿ ಎರಡಕ್ಕೂ ಅಂಟುವುದಿಲ್ಲ. ಫ್ಯಾಬ್ ತುಣುಕು ಬೇಕಿದ್ದು ಅದು ಕಪ್ಪಾ ಸರಪಳಿಯದ್ದಾಗಿದ್ದರೆ ಪ್ರೋಟೀನ್ ಎಲ್ ನೋಡಿ. ಅದೂ ಎಲ್ಲ ಕಪ್ಪಾ ಗುಂಪುಗಳಿಗೆ ಅಂಟುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಕೋಶಗಳನ್ನು ಹಸುವಿನ ಸೀರಂ ಹಾಕಿ ಬೆಳೆಸಿದ್ದರೆ ಅದರೊಳಗಿನ ಹಸುವಿನ ಐಜಿಜಿಯೂ ಕಾಲಮ್‌ಗೆ ಅಂಟಿ ನಿಮ್ಮ ಆಂಟಿಬಾಡಿ ಜೊತೆಗೇ ಹೊರಬರುತ್ತದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಎರಡೂ ಒಂದೇ ಜಾಗದಲ್ಲಿ ಕಾಣುವುದರಿಂದ ಮೋಸ ಗೊತ್ತೇ ಆಗುವುದಿಲ್ಲ. ಸೀರಂ ಇಲ್ಲದ ಮೀಡಿಯಾ, ಇಲ್ಲವಾದರೆ ಐಜಿಜಿ ತೆಗೆದ ಸೀರಂ ಬಳಸಿ.

ಲೆಕ್ಕ

200 ಮಿಲಿ ಸೂಪರ್‌ನೇಟಂಟ್ (ಕೋಶ ತೆಗೆದ ದ್ರಾವಣ) ಇದೆ, ಮಿಲಿಗೆ 0.5 ಮಿಗ್ರಾಂ ಆಂಟಿಬಾಡಿ ಅಂದುಕೊಳ್ಳೋಣ. ಒಟ್ಟು 100 ಮಿಗ್ರಾಂ. ರೆಸಿನ್‌ನ ಸಾಮರ್ಥ್ಯ ಮಿಲಿಗೆ 30 ಮಿಗ್ರಾಂ ಅಂತ ಜಾಗ್ರತೆಯಿಂದ ಹಿಡಿದರೆ 5 ಮಿಲಿ ಕಾಲಮ್ 150 ಮಿಗ್ರಾಂ ಹಿಡಿಯುತ್ತದೆ. ಅದರ ಶೇ 80ಕ್ಕಿಂತ ಹೆಚ್ಚು ತುಂಬಬಾರದು, ಅಂದರೆ 120 ಮಿಗ್ರಾಂ. ನಮ್ಮ 100 ಆರಾಮಾಗಿ ಹಿಡಿಸುತ್ತದೆ. ತೀರಾ ದೊಡ್ಡ ಕಾಲಮ್ ತೆಗೆದುಕೊಂಡರೂ ಒಳ್ಳೆಯದಲ್ಲ. ಖಾಲಿ ಉಳಿದ ಲಿಗ್ಯಾಂಡ್ ಬೇಡದ ಪ್ರೋಟೀನ್‌ಗಳಿಗೆ ಜಾಗ ಕೊಡುತ್ತದೆ.

ಈಗ ವೇಗ. ಬೀಡ್ ಅಂದರೆ ಇಡ್ಲಿಯ ಹಾಗೆ ಒಳಗೆಲ್ಲ ತೂತು. ಲಿಗ್ಯಾಂಡ್‌ನ ಬಹುಪಾಲು ಆ ತೂತುಗಳ ಒಳಗಿದೆ. ಸುಮಾರು 150 ಕಿಲೋಡಾಲ್ಟನ್ ತೂಕದ ಆಂಟಿಬಾಡಿ ಒಳಗೆ ಹೋಗಲು ಸಮಯ ಬೇಕು. ಕಾಲಮ್ ಗಾತ್ರವನ್ನು ಹರಿವಿನ ವೇಗದಿಂದ ಭಾಗಿಸಿದರೆ ದ್ರಾವಣ ಒಳಗೆ ನಿಲ್ಲುವ ಸಮಯ ಸಿಗುತ್ತದೆ. 5 ಮಿಲಿ ಕಾಲಮ್‌ಗೆ ನಿಮಿಷಕ್ಕೆ 1 ಮಿಲಿ ಬಿಟ್ಟರೆ 5 ನಿಮಿಷ. 200 ಮಿಲಿ ಮುಗಿಯಲು 3 ಗಂಟೆ 20 ನಿಮಿಷ. ಅವಸರ ಮಾಡಿ ವೇಗ ಮೂರು ಪಟ್ಟು ಮಾಡಿದರೆ ಆಂಟಿಬಾಡಿ ಸೋರಿಹೋಗಲು ಶುರುವಾಗುತ್ತದೆ.

ಬಫರ್‌ಗಳು

ಕಾಲಮ್ ಹದ ಮಾಡುವ ಬಫರ್: 20 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, 150 ಮಿಲಿಮೋಲಾರ್ ಉಪ್ಪು, ಪಿಹೆಚ್ 7.2. ಲೀಟರಿಗೆ ಉಪ್ಪು 8.8 ಗ್ರಾಂ ಬೀಳುತ್ತದೆ.

ಉಪ್ಪಿನ ತೊಳೆತ: ಅದೇ ಫಾಸ್ಫೇಟ್, ಆದರೆ ಉಪ್ಪು 1 ಮೋಲಾರ್, ಅಂದರೆ ಲೀಟರಿಗೆ 58.4 ಗ್ರಾಂ.

ಎಲ್ಯೂಷನ್, ಅಂದರೆ ಆಂಟಿಬಾಡಿ ಬಿಡಿಸಿಕೊಳ್ಳುವುದಕ್ಕೆ: 50 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಪಿಹೆಚ್ 3.5. ಹಲವರು 0.1 ಮೋಲಾರ್ ಗ್ಲೈಸಿನ್ ಪಿಹೆಚ್ 3.0 ಬಳಸುತ್ತಾರೆ, ಅದೂ ನಡೆಯುತ್ತದೆ. ಆದರೆ 3ರಿಂದ 6ರವರೆಗೆ ಪಿಹೆಚ್ ಹಿಡಿದು ನಿಲ್ಲಿಸುವುದರಲ್ಲಿ ಸಿಟ್ರೇಟ್ ಮೇಲು.

ಕೊನೆಗೆ ಉಳಿದದ್ದನ್ನು ಕಿತ್ತು ತೆಗೆಯಲು 0.1 ಮೋಲಾರ್ ಗ್ಲೈಸಿನ್, ಪಿಹೆಚ್ 2.5. ಆಮ್ಲ ತಟಸ್ಥ ಮಾಡಲು 1 ಮೋಲಾರ್ ಟ್ರಿಸ್, ಪಿಹೆಚ್ 9.0. ತೊಳೆಯಲು 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ), ಲೀಟರಿಗೆ 20 ಗ್ರಾಂ. ಇಡಲು ಶೇ 20 ಎಥನಾಲ್. ಕಾಲಮ್‌ಗೆ ಹೋಗುವ ಎಲ್ಲವನ್ನೂ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಗಾಳಿ ತೆಗೆಯಿರಿ.

ಟ್ರಿಸ್ ವಿಷಯದಲ್ಲಿ ಎಚ್ಚರ. ಅದರ ಪಿಹೆಚ್ ಪ್ರತಿ ಡಿಗ್ರಿಗೆ ಸುಮಾರು 0.03ರಷ್ಟು ಬದಲಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಇಲ್ಲದ ರೂಮಿನಲ್ಲಿ ಹೊಂದಿಸಿದ ಟ್ರಿಸ್ ಅನ್ನು ಕೋಲ್ಡ್ ರೂಮಿಗೆ ಒಯ್ದರೆ ಪಿಹೆಚ್ 0.5ಕ್ಕಿಂತ ಜಾಸ್ತಿ ಏರಿರುತ್ತದೆ. ಯಾವ ತಾಪಮಾನದಲ್ಲಿ ಬಳಸುತ್ತೀರೋ ಅಲ್ಲೇ ಹೊಂದಿಸಿ.

ರನ್‌ಗೆ ಮುಂಚೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿಡಿ. 2 ಮಿಲಿ ಎಲ್ಯೂಷನ್ ಬಫರ್‌ಗೆ ಎಷ್ಟು ಟ್ರಿಸ್ ಹಾಕಿದರೆ ಪಿಹೆಚ್ 6.5ರಿಂದ 7ಕ್ಕೆ ಬರುತ್ತದೆ ಅಂತ ನೋಡಿ. ಮೇಲಿನ ಸಿಟ್ರೇಟ್‌ಗೆ ಸುಮಾರು 0.25 ಮಿಲಿ ಬೇಕಾಗುತ್ತದೆ. ಗ್ಲೈಸಿನ್ ಆದರೆ ತುಂಬ ಕಡಿಮೆ ಸಾಕು. ಹತ್ತನೇ ಒಂದು ಭಾಗ ಟ್ರಿಸ್ ಅನ್ನುವ ಬಾಯಿಲೆಕ್ಕವನ್ನು ಎಲ್ಲ ಬಫರ್‌ಗೂ ಸುಮ್ನೆ ಅನ್ವಯಿಸಬೇಡಿ. ಟ್ರಾಸ್ಟುಜುಮಾಬ್‌ನ ಪಿಐ, ಅಂದರೆ ಅದರ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಹೆಚ್, 8ಕ್ಕಿಂತ ಮೇಲಿದೆ. ಟ್ರಿಸ್ ಜಾಸ್ತಿ ಬಿದ್ದು ಪಿಹೆಚ್ ಅದರ ಹತ್ತಿರ ಹೋದರೆ ಆಂಟಿಬಾಡಿ ಒತ್ತರಿಸಿ ಕೆಳಗೆ ಕೂರಬಹುದು.

ಸ್ಯಾಂಪಲ್ ತಯಾರಿ

ಮೊದಲು 300ರಿಂದ 500 ಜಿ ವೇಗದಲ್ಲಿ ಮೆಲ್ಲಗೆ ತಿರುಗಿಸಿ ಕೋಶ ತೆಗೆಯಿರಿ. ಒಮ್ಮೆಲೇ ಜೋರಾಗಿ ತಿರುಗಿಸಿದರೆ ಕೋಶ ಒಡೆದು ಡಿಎನ್‌ಎ, ಪ್ರೋಟಿಯೇಸ್ ಎಲ್ಲ ಹೊರಬರುತ್ತವೆ. ಆಮೇಲೆ ಮೇಲಿನ ದ್ರಾವಣವನ್ನು 10,000 ಜಿಯಲ್ಲಿ 30 ನಿಮಿಷ. ನಂತರ 0.45, ಕೊನೆಗೆ 0.22 ಮೈಕ್ರಾನ್ ಫಿಲ್ಟರ್. ಪಿಹೆಚ್ ನೋಡಿ. 7ಕ್ಕಿಂತ ಕೆಳಗಿದ್ದರೆ ಸ್ವಲ್ಪ ಟ್ರಿಸ್ ಹಾಕಿ 7.2ಕ್ಕೆ ತನ್ನಿ. ಮೀಡಿಯಾದ ಉಪ್ಪಿನ ಮಟ್ಟ ಸಾಮಾನ್ಯವಾಗಿ ಸರಿಯೇ ಇರುತ್ತದೆ, ಡಯಾಲಿಸಿಸ್ ಬೇಕಿಲ್ಲ. ಫ್ರೀಜರ್‌ನಿಂದ ತೆಗೆದ ದ್ರಾವಣವಾದರೆ ಲೋಡ್ ಮಾಡುವ ಮುಂಚೆ ಮತ್ತೆ ಸೋಸಲೇಬೇಕು. ಕರಗಿಸಿದಾಗ ಹೊಸ ಕಸ ಹುಟ್ಟಿರುತ್ತದೆ.

ರನ್

ಮುಂದೆ ಕಾಲಮ್ ವಾಲ್ಯೂಮ್ ಅನ್ನು ಸಿವಿ ಅಂತ ಬರೆಯುತ್ತೇನೆ. ನಮ್ಮ 1 ಸಿವಿ ಅಂದರೆ 5 ಮಿಲಿ.

ಕಾಲಮ್ ಜೋಡಿಸುವಾಗ ಗಾಳಿ ಒಳಗೆ ಹೋಗಬಾರದು. ಟ್ಯೂಬ್ ತುದಿಯಲ್ಲಿ ಹನಿ, ಕಾಲಮ್ ಬಾಯಲ್ಲೂ ಹನಿ ಇರುವಾಗ ಸೇರಿಸಿ. 5 ಸಿವಿ ನೀರು ಬಿಟ್ಟು ಎಥನಾಲ್ ತೆಗೆಯಿರಿ. ನೇರವಾಗಿ ಫಾಸ್ಫೇಟ್ ಬಿಟ್ಟರೆ ಎಥನಾಲ್ ತಾಗಿ ಉಪ್ಪು ಹರಳುಗಟ್ಟುವ ಅಪಾಯವಿದೆ. ನಂತರ 3 ಸಿವಿ ಎಲ್ಯೂಷನ್ ಬಫರ್. ಹಿಂದಿನ ರನ್‌ನಿಂದ ಉಳಿದದ್ದು ಏನಾದರೂ ಇದ್ದರೆ ಇಲ್ಲೇ ಯುವಿ ಬೆಳಕಿನ ಅಳತೆಯಲ್ಲಿ ಕಾಣುತ್ತದೆ. ಆಮೇಲೆ ಹದ ಮಾಡುವ ಬಫರ್ 10 ಸಿವಿ. ಯುವಿ, ಪಿಹೆಚ್, ಕಂಡಕ್ಟಿವಿಟಿ ಮೂರೂ ಗೆರೆ ನೆಟ್ಟಗಾಗುವವರೆಗೆ ಕಾಯಿರಿ.

ಈಗ ಲೋಡ್, ನಿಮಿಷಕ್ಕೆ 1 ಮಿಲಿ. ಹೊರಬರುವ ದ್ರಾವಣ, ಅಂದರೆ ಫ್ಲೋ-ಥ್ರೂ, ಪೂರ್ತಿ ಹಿಡಿದಿಡಿ. ಆಂಟಿಬಾಡಿ ಕೈಗೆ ಸಿಕ್ಕಿ ಅಳೆಯುವವರೆಗೆ ಅದನ್ನು ಚೆಲ್ಲಬಾರದು. ಲೋಡ್ ಮಾಡುವಾಗ ಯುವಿ ಗೆರೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದು ಮೀಡಿಯಾದ ಬಣ್ಣ, ಬೇರೆ ಪ್ರೋಟೀನ್‌ಗಳದ್ದು. ಆಂಟಿಬಾಡಿ ಸೋರುತ್ತಿದೆಯೇ ಅಂತ ಆ ಗೆರೆಯಿಂದ ಗೊತ್ತಾಗುವುದಿಲ್ಲ. ಲೋಡ್, ಫ್ಲೋ-ಥ್ರೂ, ತೊಳೆತ, ಎಲ್ಯೂಷನ್ ಪ್ರತಿಯೊಂದರಿಂದ ಸ್ವಲ್ಪ ತೆಗೆದಿಟ್ಟು ಜೆಲ್‌ನಲ್ಲಿ ನೋಡಬೇಕು.

ಎಫ್‌ಪಿಎಲ್‌ಸಿ (ಕಾಲಮ್‌ಗೆ ದ್ರಾವಣ ಹಾಯಿಸಿ ಅಳೆಯುವ) ಯಂತ್ರ ಇಲ್ಲದ ಕಾಲೇಜ್ ಲ್ಯಾಬ್‌ಗಳಲ್ಲಿ ಪೆರಿಸ್ಟಾಲ್ಟಿಕ್ ಪಂಪ್, ಅದೂ ಇಲ್ಲದಿದ್ದರೆ 1 ಮಿಲಿ ಕಾಲಮ್‌ಗೆ ಸಿರಿಂಜ್ ಸಾಕು. ನಿಮಿಷಕ್ಕೆ 30 ಹನಿ ಬಿದ್ದರೆ ಸುಮಾರು 1 ಮಿಲಿ. ಅದಕ್ಕಿಂತ ನಿಧಾನ ಆದರೆ ಇನ್ನೂ ಒಳ್ಳೆಯದು. ಕೈ ನೋಯುತ್ತದೆ, ಅಷ್ಟೇ.

ತೊಳೆತದಲ್ಲಿ ಜಿಪುಣತನ ಬೇಡ. ಮೊದಲು ಹದ ಮಾಡುವ ಬಫರ್ 5 ಸಿವಿ. ಆಮೇಲೆ 1 ಮೋಲಾರ್ ಉಪ್ಪಿನದು 5ರಿಂದ 10 ಸಿವಿ. ಸಿಎಚ್‌ಒ ಪ್ರೋಟೀನ್‌ಗಳಲ್ಲಿ ಎಷ್ಟೋ ಅಂಟಿರುವುದು ರೆಸಿನ್‌ಗಲ್ಲ, ಆಂಟಿಬಾಡಿಗೇ. ಡಿಎನ್‌ಎ ಜೊತೆ ಸೇರಿ ವಿದ್ಯುದಂಶದ ಆಕರ್ಷಣೆಯಿಂದ ಅವು ಅಂಟಿರುತ್ತವೆ. ಉಪ್ಪು ಆ ಆಕರ್ಷಣೆಯನ್ನು ಮುರಿಯುತ್ತದೆ. ಅದಕ್ಕೂ ಜಗ್ಗದಿದ್ದರೆ ತೊಳೆಯುವ ಬಫರ್‌ಗೆ ಆರ್ಜಿನಿನ್ ಸೇರಿಸಿ ನೋಡಬಹುದು. ಕೊನೆಗೆ ಮತ್ತೆ ಕಡಿಮೆ ಉಪ್ಪಿನ ಬಫರ್ 3 ಸಿವಿ. ಜಾಸ್ತಿ ಉಪ್ಪು ಮತ್ತು ಆಮ್ಲ ಒಟ್ಟಿಗೆ ಸಿಕ್ಕರೆ ಆಂಟಿಬಾಡಿ ಮುದ್ದೆ ಕಟ್ಟುವ ಸಾಧ್ಯತೆ ಹೆಚ್ಚು, ಅದಕ್ಕೇ ಈ ಹೆಜ್ಜೆ.

ಎಲ್ಯೂಷನ್

ಮೊದಲ ಸಲ ಮಾಡುವ ಆಂಟಿಬಾಡಿಯಾದರೆ ಸ್ವಲ್ಪ ಸ್ಯಾಂಪಲ್‌ನಲ್ಲಿ ಗ್ರೇಡಿಯಂಟ್ ಮಾಡಿ ನೋಡಿ. ಸಿಟ್ರೇಟ್ ಪಿಹೆಚ್ 6ರಿಂದ 3ಕ್ಕೆ 20 ಸಿವಿಯಲ್ಲಿ ಇಳಿಸಿ. ಆಂಟಿಬಾಡಿ ಯಾವ ಪಿಹೆಚ್‌ನಲ್ಲಿ ಹೊರಬಂತು, ಮುದ್ದೆಯಾದ ಭಾಗ ಎಲ್ಲಿ ಬಂತು ಅಂತ ತಿಳಿಯುತ್ತದೆ. ಮುದ್ದೆಗಳು ಹಲವು ಎಫ್‌ಸಿಗಳಿಂದ ಹಿಡಿದುಕೊಂಡಿರುವುದರಿಂದ ಸಾಮಾನ್ಯವಾಗಿ ಪೀಕ್‌ನ ಬಾಲದಲ್ಲಿ ಬರುತ್ತವೆ. ಆ ಮಾಹಿತಿಯಿಂದ ಮುಂದಿನ ರನ್‌ಗಳ ಪಿಹೆಚ್ ನಿರ್ಧರಿಸಿ. ಬೇಕಾದ್ದಕ್ಕಿಂತ ಹೆಚ್ಚು ಆಮ್ಲ ಕೊಡುವುದು ಶುದ್ಧ ದಂಡ.

ನಮ್ಮ ರನ್‌ಗೆ 2 ಮಿಲಿ ಫ್ರ್ಯಾಕ್ಷನ್‌ಗಳು. ಪ್ರತಿ ಟ್ಯೂಬ್‌ನಲ್ಲಿ ಮೊದಲೇ 0.25 ಮಿಲಿ ಟ್ರಿಸ್ ಹಾಕಿಡಿ. ಸಿಟ್ರೇಟ್ 10 ಸಿವಿ ಬಿಡಿ. ಆಂಟಿಬಾಡಿಯ ಬಹುಪಾಲು 2ರಿಂದ 3 ಸಿವಿಯಲ್ಲೇ ಬಂದುಬಿಡುತ್ತದೆ. ಪ್ರತಿ ಟ್ಯೂಬ್ ಬಿದ್ದ ತಕ್ಷಣ ಮೆಲ್ಲಗೆ ಮೇಲೆ ಕೆಳಗೆ ಮಾಡಿ ಕಲಸಿ. ನೊರೆ ಬರುವ ಹಾಗೆ ಅಲ್ಲಾಡಿಸಬೇಡಿ, ವೋರ್ಟೆಕ್ಸ್ ಅಂತೂ ಬೇಡವೇ ಬೇಡ.

ಕಾರ್ಖಾನೆಯಲ್ಲಿ ಇಲ್ಲಿ ದಾರಿ ಬೇರೆಯಾಗುತ್ತದೆ. ಅವರು ತಕ್ಷಣ ತಟಸ್ಥ ಮಾಡುವುದಿಲ್ಲ. ಇಡೀ ಪೂಲ್ ಅನ್ನು (ಒಟ್ಟುಗೂಡಿಸಿದ ಎಲ್ಯೂಷನ್ ದ್ರಾವಣವನ್ನು) ಪಿಹೆಚ್ 3.5ರ ಸುಮಾರಿನಲ್ಲಿ ಒಂದು ಗಂಟೆಯಷ್ಟು ಹಾಗೇ ಇಡುತ್ತಾರೆ. ಹೊದಿಕೆಯುಳ್ಳ ವೈರಸ್‌ಗಳು ಇದ್ದರೆ ನಿಷ್ಕ್ರಿಯವಾಗಲಿ ಅಂತ. ಪ್ರಯೋಗಕ್ಕೆ ಬಳಸುವ ಆಂಟಿಬಾಡಿಗೆ ಇದು ಬೇಕಿಲ್ಲ.

ಈಗ ಇಳುವರಿ. ಆರು ಟ್ಯೂಬ್ ಸೇರಿಸಿದರೆ ಟ್ರಿಸ್ ಸೇರಿ 13.5 ಮಿಲಿ. 20 ಪಟ್ಟು ತೆಳು ಮಾಡಿ 280 ನ್ಯಾನೋಮೀಟರ್‌ನಲ್ಲಿ ಅಳೆದಾಗ 0.48 ಬಂತು ಅನ್ನೋಣ. 20ರಿಂದ ಗುಣಿಸಿದರೆ 9.6. ಮಿಲಿಗೆ 1 ಮಿಗ್ರಾಂ ಐಜಿಜಿ ಇದ್ದರೆ ಈ ಅಳತೆ ಸುಮಾರು 1.4 ಬರುತ್ತದೆ. ಹಾಗಾಗಿ ಮಿಲಿಗೆ 6.86 ಮಿಗ್ರಾಂ, ಒಟ್ಟು ಸುಮಾರು 92.5 ಮಿಗ್ರಾಂ. 100ಕ್ಕೆ 92.5 ಅಂದರೆ ಒಳ್ಳೆಯ ರನ್. ಬ್ಲ್ಯಾಂಕ್‌ಗೆ ನೀರು ಬಳಸಬೇಡಿ, ಎಲ್ಯೂಷನ್ ಬಫರ್ ಮತ್ತು ಟ್ರಿಸ್ ಅದೇ ಪ್ರಮಾಣದಲ್ಲಿ ಕಲಸಿ ಬಳಸಿ.

ಪರೀಕ್ಷೆ

ಅದೇ ದಿನ ಬಫರ್ ಬದಲಾಯಿಸಿ. ಪಿಬಿಎಸ್ (ಫಾಸ್ಫೇಟ್ ಮತ್ತು ಉಪ್ಪಿನ ಬಫರ್) ಆಗಬಹುದು. ಟ್ರಾಸ್ಟುಜುಮಾಬ್‌ಗೆ ಪಿಹೆಚ್ 6ರ ಹಿಸ್ಟಿಡಿನ್ ಬಫರ್ ಹೆಚ್ಚು ಹಿತ. ಎಸ್‌ಡಿಎಸ್ ಜೆಲ್‌ನಲ್ಲಿ ರಿಡ್ಯೂಸ್ ಮಾಡಿದಾಗ (ಸರಪಳಿಗಳ ನಡುವಿನ ಕೊಂಡಿ ಬಿಡಿಸಿದಾಗ) 50 ಮತ್ತು 25 ಕಿಲೋಡಾಲ್ಟನ್‌ನಲ್ಲಿ ಎರಡೇ ಪಟ್ಟಿ ಕಾಣಬೇಕು. ರಿಡ್ಯೂಸ್ ಮಾಡದಿದ್ದಾಗ 150ರ ಸುಮಾರಿಗೆ ಒಂದು. ಮುದ್ದೆ ಎಷ್ಟಿದೆ ಅಂತ ಜೆಲ್ ಹೇಳುವುದಿಲ್ಲ, ಅದಕ್ಕೆ ಗಾತ್ರದ ಪ್ರಕಾರ ಬೇರ್ಪಡಿಸಿ ಅಳೆಯುವ ಸೈಜ್ ಎಕ್ಸ್‌ಕ್ಲೂಷನ್ ಎಚ್‌ಪಿಎಲ್‌ಸಿ ಬೇಕು. ಕೋಶಕ್ಕೋ ಪ್ರಾಣಿಗೋ ಕೊಡುವುದಾದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ ತಪ್ಪಿಸಬೇಡಿ.

ರೆಸಿನ್‌ನಿಂದ ಕಳಚಿ ಬಂದ ಲಿಗ್ಯಾಂಡ್ ಅಳೆಯುವಾಗ ಎಲೈಸಾ (ಆಂಟಿಬಾಡಿ ಬಳಸಿ ಅಳೆಯುವ ಪರೀಕ್ಷೆ) ಕಿಟ್‌ನ ಸ್ಟ್ಯಾಂಡರ್ಡ್ ಯಾವುದು ಅಂತ ನೋಡಿಕೊಳ್ಳಿ. ತಿದ್ದಿದ ಲಿಗ್ಯಾಂಡ್ ಅನ್ನು ಮೂಲ ಪ್ರೋಟೀನ್ ಎ ಸ್ಟ್ಯಾಂಡರ್ಡ್‌ನಿಂದ ಅಳೆದರೆ ಅಂಕಿ ತಪ್ಪಾಗಿ ಬರುತ್ತದೆ.

ಕಾಸ್ಟಿಕ್ ತೊಳೆತ

ಎಲ್ಯೂಷನ್ ಮುಗಿದ ಕೂಡಲೇ ಪಿಹೆಚ್ 2.5ರ ಗ್ಲೈಸಿನ್ 3 ಸಿವಿ, ಹದ ಮಾಡುವ ಬಫರ್ 3 ಸಿವಿ. ಆಮೇಲೆ ಸೋಡಿಯಂ ಹೈಡ್ರಾಕ್ಸೈಡ್ 3 ಸಿವಿ, 15 ನಿಮಿಷ ತಾಗಿರುವ ಹಾಗೆ ನಿಧಾನವಾಗಿ. ಕೈಗವಸು, ಕನ್ನಡಕ ಇರಲಿ. ಕಾಲಮ್‌ನಲ್ಲಿ ಉಳಿದಿರುವ ಆಂಟಿಬಾಡಿ ಆಮ್ಲದಲ್ಲೇ ಹೋಗಬೇಕು, ಅದಕ್ಕೇ ಈ ಕ್ರಮ. ಮೊದಲೇ ಕಾಸ್ಟಿಕ್ ಬಿಟ್ಟರೆ ಪ್ರೋಟೀನ್ ಅಲ್ಲೇ ಬೆಂದು ಕೂರಬಹುದು. ಕಾಸ್ಟಿಕ್ ಆದ ತಕ್ಷಣ ಹದ ಮಾಡುವ ಬಫರ್ 5 ಸಿವಿ, ನೀರು 5 ಸಿವಿ, ಎಥನಾಲ್ 5 ಸಿವಿ. 2ರಿಂದ 8 ಡಿಗ್ರಿಯಲ್ಲಿ ಇಡಿ. ಫ್ರೀಜರ್ ಬೇಡ, ಬೀಡ್ ಒಡೆಯುತ್ತದೆ.

ನಿಮ್ಮ ರೆಸಿನ್ ಎಷ್ಟು ಕ್ಷಾರ ತಡೆಯುತ್ತದೆ ಅಂತ ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ನೋಡಿ. ಶೂರ್‌ಗೆ 0.1ರಿಂದ 0.5 ಮೋಲಾರ್, ಪ್ರಿಸ್ಮ್ಎಗೆ 0.5ರಿಂದ 1 ಮೋಲಾರ್. ಹಳೆಯ ಮೂಲ ಪ್ರೋಟೀನ್ ಎ ರೆಸಿನ್ ಆದರೆ ಕಾಸ್ಟಿಕ್ ಹತ್ತಿರ ತರಬೇಡಿ. ಅದನ್ನು 6 ಮೋಲಾರ್ ಗ್ವಾನಿಡಿನ್‌ನಿಂದ ತೊಳೆಯುವುದು ರೂಢಿ. ಅದು ದುಬಾರಿ, ಚೆಲ್ಲುವುದೂ ತಲೆನೋವು.

ತೊಂದರೆ ಬಂದರೆ

ಇಳುವರಿ ಕಡಿಮೆ ಬಂದರೆ ಮೊದಲು ಫ್ಲೋ-ಥ್ರೂ ಜೆಲ್ ನೋಡಿ. ಅಲ್ಲಿ ಆಂಟಿಬಾಡಿ ಇದ್ದರೆ ವೇಗ ಜಾಸ್ತಿಯಾಗಿದೆ, ಕಾಲಮ್ ತುಂಬಿದೆ, ಇಲ್ಲವೇ ಲಿಗ್ಯಾಂಡ್ ಸವೆದಿದೆ. ಫ್ಲೋ-ಥ್ರೂ ಖಾಲಿಯಿದ್ದು ಎಲ್ಯೂಷನ್‌ನಲ್ಲೂ ಸಿಗದಿದ್ದರೆ ಅದು ಕಾಲಮ್‌ನಲ್ಲೇ ಕೂತಿದೆ. ಪಿಹೆಚ್ 2.5ರ ಗ್ಲೈಸಿನ್‌ನಲ್ಲಿ ದೊಡ್ಡ ಪೀಕ್ ಬರುತ್ತದೆ. ಮುಂದಿನ ಸಲ ಎಲ್ಯೂಷನ್ ಪಿಹೆಚ್ 0.2ರಷ್ಟು ಇಳಿಸಿ.

ತಟಸ್ಥ ಮಾಡಿದಾಗ ಪೂಲ್ ಹಾಲಿನಂತೆ ಬೆಳ್ಳಗಾದರೆ ಗಾಬರಿ ಬೇಡ. ಎಷ್ಟೋ ಸಲ ಅದು ಆಂಟಿಬಾಡಿಯಲ್ಲ, ಸಿಎಚ್‌ಒ ಪ್ರೋಟೀನ್ ಮತ್ತು ಡಿಎನ್‌ಎ ಕೂಡಿ ಕೆಳಗೆ ಕೂರುವುದು. ತಿರುಗಿಸಿ ಸೋಸಿ, ಮತ್ತೆ ಅಳೆಯಿರಿ. ಅಂಕಿ ಅಷ್ಟೇ ಇದ್ದರೆ ಲಾಭವೇ ಆಯಿತು. ಅಂಕಿ ಬಿದ್ದಿದ್ದರೆ ಆಂಟಿಬಾಡಿಯೇ ಮುದ್ದೆಯಾಗಿದೆ. ಆಗ ಎಲ್ಯೂಷನ್ ಪಿಹೆಚ್ ಏರಿಸಿ, ಟ್ಯೂಬ್‌ನಲ್ಲಿ ಆಂಟಿಬಾಡಿಯ ಸಾಂದ್ರತೆ ಇಳಿಸಿ.

ಪಿಹೆಚ್ 3.5 ಅಂದರೇ ಹಾಳಾಗುವ ಆಂಟಿಬಾಡಿಗಳೂ ಇವೆ. ಅಂಥವುಗಳಿಗೆ ಸ್ಟಾಕ್‌ಹೋಮ್‌ನ ಕೆಟಿಎಚ್ ವಿಶ್ವವಿದ್ಯಾಲಯದವರು ಕ್ಯಾಲ್ಸಿಯಂ ಇದ್ದಾಗ ಮಾತ್ರ ಹಿಡಿಯುವ ಝಡ್ ಡೊಮೇನ್ ಮಾಡಿ 2018ರಲ್ಲಿ ಪ್ರಕಟಿಸಿದರು. ಇಡಿಟಿಎ ಹಾಕಿ ಕ್ಯಾಲ್ಸಿಯಂ ಕಿತ್ತರೆ ಪಿಹೆಚ್ 5.5ರಲ್ಲೇ ಆಂಟಿಬಾಡಿ ಹೊರಬರುತ್ತದೆ. ಇಂಥ ಲಿಗ್ಯಾಂಡ್ ಬಳಸುವುದಾದರೆ ಮೇಲಿನ ಫಾಸ್ಫೇಟ್ ಬಫರ್ ಬದಲಿಸಿ ಟ್ರಿಸ್ ಬಳಸಿ, ಇಲ್ಲವಾದರೆ ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗಿ ಕಾಲಮ್ ಕಟ್ಟಿಕೊಳ್ಳುತ್ತದೆ.

ಕಾಲಮ್ ಒತ್ತಡ ಏರುತ್ತಾ ಹೋದರೆ ಹೆಚ್ಚಿನ ಸಲ ಮೇಲ್ಭಾಗದ ಫಿಲ್ಟರ್‌ನಲ್ಲಿ ಕಸ. ತಯಾರಕರು ಒಪ್ಪಿದ್ದರೆ ಕಾಲಮ್ ತಲೆಕೆಳಗು ಮಾಡಿ ನಿಧಾನವಾಗಿ ಕಾಸ್ಟಿಕ್ ಬಿಡಿ. ಒಂದು ಕಾಲಮ್‌ನಲ್ಲಿ ಬೇರೆ ಬೇರೆ ಆಂಟಿಬಾಡಿ ಹಾಕುವುದಾದರೆ ನಡುವೆ ಸ್ಯಾಂಪಲ್ ಇಲ್ಲದ ಒಂದು ಖಾಲಿ ರನ್ ಮಾಡಿ, ಎಲ್ಯೂಷನ್ ಭಾಗವನ್ನು ಎಲೈಸಾದಲ್ಲಿ ನೋಡಿ. ಹಳೆಯ ಆಂಟಿಬಾಡಿ ಅಲ್ಲಿ ಕಂಡರೆ ಆ ಕಾಲಮ್ ಅನ್ನು ಅದೊಂದಕ್ಕೇ ಮೀಸಲಿಟ್ಟು ಮೇಲೆ ಹೆಸರು ಬರೆದುಬಿಡಿ.